ಕಪಾಟಿನಲ್ಲಿ ಸಿಕ್ಕ ಮೊಲ, ಬೆಂಕಿ ದಾಟಿ ಬಂದ ಬೆಕ್ಕು

2006ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ಕೊಡುಕೊಳ್ಳುವಿಕೆ ನಡೆಯಿತು. ಡಿಸ್ನಿ ಕಂಪನಿಯ ಟಿವಿ ವಾಹಿನಿಗಳಲ್ಲಿ ಫುಟ್‌ಬಾಲ್ ಪಂದ್ಯಗಳ ವೀಕ್ಷಕ ವಿವರಣೆ ಕೊಡುತ್ತಿದ್ದ ಅಲ್ ಮೈಕಲ್ಸ್ ಎಂಬ ಹೆಸರಾಂತ ಮಾತುಗಾರ ಪ್ರತಿಸ್ಪರ್ಧಿ ಸಂಸ್ಥೆ ಎನ್‌ಬಿಸಿಗೆ ಹೋಗಲು ಹೊರಟಿದ್ದರು. ಡಿಸ್ನಿಯ ಜೊತೆಗಿನ ಕರಾರು ಇನ್ನೂ ಮುಗಿದಿರಲಿಲ್ಲ. ಅವರನ್ನು ಬಿಟ್ಟುಕೊಡಲು ಡಿಸ್ನಿ ಕೆಲವು ಕ್ರೀಡಾ ಪ್ರಸಾರದ ಹಕ್ಕುಗಳನ್ನು ಕೇಳಿತು. ಅದು ವ್ಯಾಪಾರ, ಯಾರಿಗೂ ಆಶ್ಚರ್ಯವಾಗಲಿಲ್ಲ. ಜೊತೆಗೆ ಒಂದು ಮೊಲವನ್ನೂ ಕೇಳಿತು. ಎಂಬತ್ತು ವರ್ಷಗಳಷ್ಟು ಹಿಂದೆ ಮಸಿಯಲ್ಲಿ ಬರೆದ, ಉದ್ದ ಕಿವಿಯ, ಚಡ್ಡಿ ತೊಟ್ಟ ಕಪ್ಪು ಮೊಲ. ಎನ್‌ಬಿಸಿ ಯೂನಿವರ್ಸಲ್ ಮರುಮಾತಾಡದೆ ಕೊಟ್ಟಿತು. ಅಂಥದೊಂದು ಮೊಲ ತಮ್ಮ ಹಟ್ಟಿಯಲ್ಲಿದೆ ಎಂಬುದು ಆ ಕಂಪನಿಯಲ್ಲಿ ಎಷ್ಟು ಜನಕ್ಕೆ ನೆನಪಿತ್ತೋ!

ಮೊಲದ ಹೆಸರು ಆಸ್ವಾಲ್ಡ್. ಮಿಕ್ಕಿ ಮೌಸ್‌ಗೆ ಅಣ್ಣನಾಗಬೇಕು. 1927ರಲ್ಲಿ ವಾಲ್ಟ್ ಡಿಸ್ನಿ ಮತ್ತು ಅವರ ಗೆಳೆಯ ಅಬ್ ಐವರ್ಕ್ಸ್ ಸೇರಿ ಅದನ್ನು ರೂಪಿಸಿದ್ದು ಯೂನಿವರ್ಸಲ್ ಕಂಪನಿಗಾಗಿ. ನಡುವೆ ಚಾರ್ಲ್ಸ್ ಮಿಂಟ್ಸ್ ಎಂಬ ವಿತರಕರಿದ್ದರು. ಮೊಲ ಜನಪ್ರಿಯವಾಯಿತು. 1928ರ ಫೆಬ್ರವರಿಯಲ್ಲಿ ಡಿಸ್ನಿ ನ್ಯೂಯಾರ್ಕಿಗೆ ಹೋಗಿ ಚಿತ್ರವೊಂದಕ್ಕೆ ಇನ್ನಷ್ಟು ಹಣ ಬೇಕೆಂದರು. ಇನ್ನಷ್ಟು ಇರಲಿ, ಇರುವುದರಲ್ಲೇ ಕಡಿತ ಮಾಡುವುದಾಗಿ ಮಿಂಟ್ಸ್ ಹೇಳಿದರು. ಡಿಸ್ನಿಯ ಬಳಿ ಕೆಲಸ ಮಾಡುತ್ತಿದ್ದ ಚಿತ್ರಕಾರರಲ್ಲಿ ಹೆಚ್ಚಿನವರು ಆಗಲೇ ಗುಟ್ಟಾಗಿ ಮಿಂಟ್ಸ್ ಕಡೆಗೆ ಸಹಿ ಹಾಕಿ ಆಗಿತ್ತು. ಕರಾರು ಪತ್ರ ತೆಗೆದು ನೋಡಿದರೆ ಮೊಲದ ಹಕ್ಕು ಯೂನಿವರ್ಸಲ್ ಹೆಸರಿನಲ್ಲಿತ್ತು. ಬರೆದವರಿಗೆ ಏನೂ ಇಲ್ಲ. ಬರಿಗೈಯಲ್ಲಿ ವಾಪಸಾದ ಡಿಸ್ನಿಯ ಪಾಲಿಗೆ ಉಳಿದದ್ದು ಐವರ್ಕ್ಸ್ ಒಬ್ಬರೇ ಎನ್ನಬೇಕು. ಮೊಲದ ಕಿವಿಯನ್ನು ಗುಂಡಗೆ ಮಾಡಿ, ಬಾಲ ಉದ್ದ ಎಳೆದು ಇಬ್ಬರೂ ಮಾಡಿಕೊಂಡ ಇಲಿಯ ಕಥೆ ಎಲ್ಲರಿಗೂ ಗೊತ್ತಿದೆ.

2006ರಲ್ಲಿ ಮೊಲ ಮನೆಗೆ ಬಂತು ಎಂದಾಗ ವಾಲ್ಟ್ ಅವರ ಮಗಳು ಡಯಾನ್ ಡಿಸ್ನಿ ಮಿಲ್ಲರ್ ಬಹಳ ಸಂತೋಷಪಟ್ಟರು. ಆದರೆ ಬಂದದ್ದು ಹೆಸರು ಮತ್ತು ಹಕ್ಕು ಮಾತ್ರ. ಡಿಸ್ನಿ ತಯಾರಿಸಿದ್ದ 26 ಆಸ್ವಾಲ್ಡ್ ಚಿತ್ರಗಳು ಎಲ್ಲಿ? ಕಾಗದದ ಮೇಲೆ ಪಟ್ಟಿ ಇತ್ತು, ಚಿತ್ರಗಳು ಇರಲಿಲ್ಲ. ಲೋಕವನ್ನೆಲ್ಲ ಜಾಲಾಡಿ 2007ರ ಕೊನೆಗೆ ಕಂಪನಿ ಡಿವಿಡಿ ಹೊರತಂದಾಗ ಅದರಲ್ಲಿ ಸೇರಿಸಲು ಸಾಧ್ಯವಾದದ್ದು ಹದಿಮೂರು. ಸರಿಯಾಗಿ ಅರ್ಧ. ಕಾರ್ಟೂನಿನಿಂದಲೇ ಕೋಟ್ಯಧಿಪತಿಯಾದ ಕಂಪನಿಯ ಮೊದಲ ಯಶಸ್ಸಿನ ಗತಿ ಇದಾದರೆ ಉಳಿದವರ ಪಾಡೇನು?

ಆ ಕಾಲದಲ್ಲಿ ಕಾರ್ಟೂನು ಎಂದರೆ ಊಟಕ್ಕೆ ಮುಂಚಿನ ಉಪ್ಪಿನಕಾಯಿ. ಥಿಯೇಟರಿನಲ್ಲಿ ಮುಖ್ಯ ಚಿತ್ರ ಶುರುವಾಗುವ ಮುನ್ನ ಸುದ್ದಿಚಿತ್ರದ ಜೊತೆ ಆರೇಳು ನಿಮಿಷ ಓಡಿಸಲು ಮಾಡಿದ್ದು. ಪ್ರಿಂಟುಗಳು ಊರಿಂದೂರಿಗೆ ಸುತ್ತಿ, ಪ್ರೊಜೆಕ್ಟರಿನ ಹಲ್ಲುಗಳಿಗೆ ಸಿಕ್ಕಿ ಹರಿದು, ಕೊನೆಗೆ ನೋಡಲು ಬಾರದಂತಾದಾಗ ಅವನ್ನು ಕರಗಿಸಿ ಫಿಲ್ಮಿನಲ್ಲಿದ್ದ ಬೆಳ್ಳಿಯನ್ನು ತೆಗೆಯುತ್ತಿದ್ದರು. ಆಸ್ವಾಲ್ಡ್ ಚಿತ್ರಗಳ ದುರದೃಷ್ಟ ಇನ್ನೂ ದೊಡ್ಡದು. ಅವು ಮೂಕಿಚಿತ್ರಗಳು, ಅವು ಬಂದ ಮರುವರ್ಷವೇ ಮಿಕ್ಕಿ ಸಿಳ್ಳೆ ಹಾಕುತ್ತ ಬಂದ. ಮಾತು ಬಂದ ಮೇಲೆ ಮೂಕರನ್ನು ಕೇಳುವವರು ಯಾರು?

ಇನ್ನು ಫಿಲ್ಮ್ ಎಂಬ ವಸ್ತುವಿನ ಗುಣ. 1950ರ ದಶಕದ ಆರಂಭದವರೆಗೆ ಥಿಯೇಟರುಗಳಿಗೆ ಹೋಗುತ್ತಿದ್ದ ಫಿಲ್ಮು ನೈಟ್ರೇಟ್‌ನದು. ಹತ್ತಿಯಂಥ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ, ಬಾಗಲೆಂದು ಅದಕ್ಕೆ ಕರ್ಪೂರ ಸೇರಿಸಿ ಮಾಡಿದ ಪಟ್ಟಿ. ಕರ್ಪೂರದ ಸಂಗವಿರುವ ಈ ವಸ್ತು ಹೊತ್ತಿಕೊಂಡರೆ ಆರತಿಯ ಹಾಗೆ ತಣ್ಣಗೆ ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕವನ್ನು ತನ್ನಿಂದಲೇ ಹುಟ್ಟಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಹೊತ್ತಿಕೊಳ್ಳದೆ ಉಳಿದರೆ ಒಳಗಿಂದ ಕೊಳೆಯುತ್ತದೆ: ಚಿತ್ರ ಮಾಸುತ್ತದೆ, ಪಟ್ಟಿ ಅಂಟಂಟಾಗುತ್ತದೆ, ಸುರುಳಿ ಗಟ್ಟಿಯಾಗುತ್ತದೆ, ಕೊನೆಗೆ ಡಬ್ಬಿಯೊಳಗೆ ಕಂದು ಪುಡಿ. ಪುಣೆಯಲ್ಲಿ 2003ರ ಜನವರಿಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ಪ್ರಭಾತ್ ಕಂಪನಿಯ ಕಾಲದ ಚಿತ್ರಗಳು ಭಸ್ಮವಾದದ್ದನ್ನು ಸಿನಿಮಾ ಇತಿಹಾಸ ಬಲ್ಲವರು ಮರೆತಿಲ್ಲ.

ಇಷ್ಟಾದ ಮೇಲೂ ಆಸ್ವಾಲ್ಡ್ ಒಂದೊಂದಾಗಿ ಸಿಗತೊಡಗಿದ. ಸಿಕ್ಕ ಜಾಗಗಳನ್ನು ನೋಡಿದರೆ ಇದೊಂದು ಪತ್ತೇದಾರಿ ಕಾದಂಬರಿ.

2011ರಲ್ಲಿ ಇಂಗ್ಲೆಂಡಿನ ಹಂಟ್ಲಿ ಎಂಬ ಖಾಸಗಿ ಫಿಲ್ಮ್ ಸಂಗ್ರಹದಲ್ಲಿ ‘ಹಂಗ್ರಿ ಹೋಬೋಸ್’ ಸಿಕ್ಕಿತು. ಅದೇ ಡಿಸೆಂಬರಿನಲ್ಲಿ ಅದು ಲಾಸ್ ಏಂಜಲೀಸ್‌ನಲ್ಲಿ ಹರಾಜಾಯಿತು. ಬೆಲೆ 31,250 ಡಾಲರ್. ಕೊಂಡವರು ಯಾರು? ಡಿಸ್ನಿಯವರೇ. ತಾನು ಕೆತ್ತಿದ ಮೂರ್ತಿಯನ್ನು ತಾನೇ ಸಂತೆಯಲ್ಲಿ ದುಡ್ಡು ಕೊಟ್ಟು ಕೊಂಡ ಹಾಗಾಯಿತು. ‘ಆಫ್ರಿಕಾ ಬಿಫೋರ್ ಡಾರ್ಕ್’ ಎಂಬ ಇನ್ನೊಂದು ಚಿತ್ರ ವಿಯೆನ್ನಾದ ಫಿಲ್ಮ್ ಮ್ಯೂಸಿಯಂನಲ್ಲಿತ್ತು.

ನಾರ್ವೆ ದೇಶದ ರಾಷ್ಟ್ರೀಯ ಗ್ರಂಥಾಲಯ ತನ್ನ ನೈಟ್ರೇಟ್ ಫಿಲ್ಮುಗಳನ್ನು ಉತ್ತರ ಧ್ರುವ ವೃತ್ತದ ಹತ್ತಿರ, ಮೋ ಇ ರಾನಾ ಎಂಬ ಊರಿನಲ್ಲಿ ಕಾಪಿಡುತ್ತದೆ. ಗ್ರಂಥಾಲಯದ ಉಗ್ರಾಣಗಳನ್ನು ಅಲ್ಲಿ ಬೆಟ್ಟವನ್ನೇ ಕೊರೆದು ಮಾಡಿದ್ದಾರೆ. 2014ರಲ್ಲಿ ಅಲ್ಲಿನ ದಾಸ್ತಾನು ಪರಿಶೀಲಿಸುತ್ತಿದ್ದಾಗ ಸರಿಯಾದ ಗುರುತು ಚೀಟಿ ಇಲ್ಲದ ಎರಡು ಸುರುಳಿಗಳು ಕಣ್ಣಿಗೆ ಬಿದ್ದವು. ಬಿಚ್ಚಿ ನೋಡಿದರೆ ‘ಎಂಪ್ಟಿ ಸಾಕ್ಸ್’. 1927ರ ಕ್ರಿಸ್‌ಮಸ್‌ಗೆಂದು ಮಾಡಿದ ಚಿತ್ರ. ಆಸ್ವಾಲ್ಡ್ ಅನಾಥ ಮಕ್ಕಳ ಬಳಿಗೆ ಸಾಂಟಾ ವೇಷದಲ್ಲಿ ಹೋಗುತ್ತಾನೆ. ಅಲ್ಲಿಯವರೆಗೆ ಅದರಲ್ಲಿ ಉಳಿದಿದ್ದದ್ದು ನ್ಯೂಯಾರ್ಕಿನ ಮ್ಯೂಸಿಯಂ ಒಂದರಲ್ಲಿದ್ದ ಇಪ್ಪತ್ತೈದು ಸೆಕೆಂಡಿನ ತುಂಡು. ನಾರ್ವೆಯ ಪ್ರತಿ ಐದೂವರೆ ನಿಮಿಷದ್ದು, ನಡುವೆ ಸ್ವಲ್ಪ ಮಾತ್ರ ಖೋತಾ. ಮರುವರ್ಷ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸಂಗ್ರಹದಲ್ಲಿ ‘ಸ್ಲೇ ಬೆಲ್ಸ್’ ಸಿಕ್ಕಿದ ಬಗೆಯಂತೂ ಇನ್ನೂ ಸರಳ. ಒಬ್ಬ ಸಂಶೋಧಕ ಸಂಸ್ಥೆಯ ಯಾದಿಯನ್ನು ಓದುತ್ತ ಕೂತಿದ್ದಾಗ ಆ ಹೆಸರು ಅಲ್ಲಿತ್ತು. ದಶಕಗಳಿಂದ ಅಲ್ಲೇ ಇತ್ತು! ಇದು ಕಳೆದುಹೋದ ಚಿತ್ರ ಎಂದು ಸಂಸ್ಥೆಯವರಿಗೆ ತಿಳಿದಿರಲಿಲ್ಲ. ಇದು ಅಲ್ಲಿದೆ ಎಂದು ಹುಡುಕುವವರಿಗೆ ತಿಳಿದಿರಲಿಲ್ಲ. ಯಾದಿ ಓದುವ ಕೆಲಸ ನೀರಸ ಎನ್ನುವವರು ಇದನ್ನು ಗಮನಿಸಬೇಕು.

ಎಲ್ಲಕ್ಕಿಂತ ಸ್ವಾರಸ್ಯದ್ದು ಜಪಾನಿನ ಕಥೆ. ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳ ಮಾತು. ಒಸಾಕಾ ನಗರದ ಆಟಿಕೆಗಳ ಸಗಟು ಪೇಟೆಯಲ್ಲಿ ಒಬ್ಬ ಹೈಸ್ಕೂಲು ಹುಡುಗ 500 ಯೆನ್ ಕೊಟ್ಟು ಒಂದು ಪುಟ್ಟ ಫಿಲ್ಮ್ ಸುರುಳಿ ಕೊಂಡ. ಮನೆಯಲ್ಲೇ ಕೈಯಿಂದ ತಿರುಗಿಸಿ ಗೋಡೆಯ ಮೇಲೆ ನೋಡುವ ಯಂತ್ರಗಳಿಗೆ ಆಗ ಇಂಥ ಸುರುಳಿಗಳು ಮಾರಾಟಕ್ಕೆ ಬರುತ್ತಿದ್ದವು. ವ್ಯಾಪಾರಿಗಳು ಐದಾರು ನಿಮಿಷದ ಚಿತ್ರವನ್ನು ಕತ್ತರಿಸಿ ಎರಡು ನಿಮಿಷಕ್ಕೆ ಇಳಿಸಿ, ಹೆಸರನ್ನೂ ತಮಗೆ ಬೇಕಾದಂತೆ ಬದಲಿಸಿ ಬಿಡುತ್ತಿದ್ದರು. ಹುಡುಗ ಕೊಂಡ ಸುರುಳಿಗೆ ಇಟ್ಟಿದ್ದ ಹೆಸರಿನಲ್ಲಿ ‘ಮಿಕ್ಕಿ’ ಇತ್ತು. ಹುಡುಗ ನಂಬಿದ. ಆ ಹುಡುಗ ಬೆಳೆದು ಬೇರಾರೂ ಅಲ್ಲ, ಜಪಾನಿನ ಆನಿಮೇಷನ್ ಚರಿತ್ರೆಯನ್ನು ಬರೆದವರಲ್ಲಿ ಪ್ರಮುಖರಾದ ಯಾಸುಶಿ ವತನಾಬೆ ಆದರು. ಚರಿತ್ರೆ ಬರೆದರೂ ತಮ್ಮ ಮನೆಯ ಸುರುಳಿ ಮಿಕ್ಕಿಯದಲ್ಲ ಎಂದು ಅವರಿಗೆ ಹೊಳೆದಿರಲಿಲ್ಲ. ಡಿಸ್ನಿಯಲ್ಲಿ ಬಹುಕಾಲ ದುಡಿದ ಡೇವಿಡ್ ಬಾಸರ್ಟ್ ಕಳೆದುಹೋದ ಆಸ್ವಾಲ್ಡ್ ಚಿತ್ರಗಳ ಬಗ್ಗೆಯೇ ಬರೆದು 2017ರಲ್ಲಿ ಪ್ರಕಟಿಸಿದ ಪುಸ್ತಕ ಕೈಗೆ ಬಂದಾಗ ಅನುಮಾನ ಮೂಡಿತು. ಕಿವಿ ನೋಡಿದರು: ಉದ್ದ. 2018ರಲ್ಲಿ ಪರಿಶೀಲನೆ ಮುಗಿದಾಗ ಅದು 1928ರ ‘ನೆಕ್ ಅಂಡ್ ನೆಕ್’ ಎಂದು ಖಚಿತವಾಯಿತು. ಆಗ ವತನಾಬೆಯವರಿಗೆ 84 ವರ್ಷ. ಮೊಲ ಅವರ ಮನೆಯಲ್ಲಿ ಇಲಿಯ ಹೆಸರಿನಲ್ಲಿ ಸುಮಾರು ಎಪ್ಪತ್ತು ವರ್ಷ ವಾಸವಾಗಿತ್ತು.

ಮೊಲದ್ದು ಕಳೆದುಹೋದ ಚಿತ್ರಗಳ ಕಥೆಯಾದರೆ, ಕಣ್ಣೆದುರಿಗೇ ಇದ್ದೂ ಪೂರ್ತಿ ಇಲ್ಲದ ಚಿತ್ರಗಳ ಕಥೆ ಬೇರೆ. ಇದು ಕನ್ನಡದ ಮನೆಗಳಿಗೂ ಸಂಬಂಧಿಸಿದ್ದು.

1995ರ ಮೇ ತಿಂಗಳಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ದಿನದ ಕೊನೆಗೆ ಅದೇ ವಾಹಿನಿ ಟಿಎನ್‌ಟಿಯಾಗಿ ಮಾರ್ಪಟ್ಟು ಹಳೆಯ ಹಾಲಿವುಡ್ ಚಿತ್ರ ತೋರಿಸುತ್ತಿತ್ತು. ಕೇಬಲ್ ಎಳೆಸಿಕೊಂಡ ಮನೆಗಳಲ್ಲಿ ಮಕ್ಕಳು ಟಿವಿ ಬಿಟ್ಟು ಏಳದಂತಾದರು. ಇಂಗ್ಲಿಷ್ ಬಾರದ ಅಜ್ಜಿಯಂದಿರೂ ಮಕ್ಕಳ ಪಕ್ಕ ಕೂತು ನಕ್ಕರು. ಟಾಮ್ ಮತ್ತು ಜೆರ್ರಿಗೆ ಮಾತೇ ಬೇಡವಲ್ಲ. ಮಕ್ಕಳಿಗೆ ಅದು ಹೊಚ್ಚ ಹೊಸ ಕಾರ್ಯಕ್ರಮ. ನಿಜದಲ್ಲಿ ವಾಹಿನಿಯ ಒಡೆಯ ಟೆಡ್ ಟರ್ನರ್ 1986ರಲ್ಲಿ ಎಂಜಿಎಂ ಕಂಪನಿಯ ಹಳೆಯ ಚಿತ್ರಗಳ ಭಂಡಾರವನ್ನೇ ಕೊಂಡಿದ್ದರು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಮಕ್ಕಳು ನೋಡಿದ್ದು ಅವರ ಅಜ್ಜ ಹುಡುಗರಾಗಿದ್ದ ಕಾಲದ ಚಿತ್ರಗಳನ್ನು. ವಿಲಿಯಂ ಹ್ಯಾನ್ನ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ 1958ರವರೆಗೆ ಥಿಯೇಟರುಗಳಿಗಾಗಿ 114 ಟಾಮ್ ಅಂಡ್ ಜೆರ್ರಿ ಚಿತ್ರ ಮಾಡಿದರು. ಏಳು ಆಸ್ಕರ್ ಬಂದವು.

ಆ ಮಕ್ಕಳು ನಗುತ್ತಿದ್ದ ಬೆಕ್ಕಿನ ಚಿತ್ರಗಳಲ್ಲಿ ಅನೇಕದರ ಮೂಲ ನೆಗೆಟಿವ್ ಆ ಹೊತ್ತಿಗೆ ಲೋಕದಲ್ಲೇ ಇರಲಿಲ್ಲ. ಎಂಜಿಎಂ ತನ್ನ ನೈಟ್ರೇಟ್ ನೆಗೆಟಿವ್‌ಗಳಿಂದ ಬೆಂಕಿ ಹತ್ತದ ಫಿಲ್ಮಿಗೆ ಪ್ರತಿ ತೆಗೆದುಕೊಂಡು, ಮೂಲವನ್ನು ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ಹೌಸ್ ಎಂಬ ಮ್ಯೂಸಿಯಂಗೆ ಕಾಪಿಡಲು ಕೊಟ್ಟಿತ್ತು. ಕೊಡಾಕ್ ಸ್ಥಾಪಕನ ಮನೆ ಅದು. ಫಿಲ್ಮಿಗೆ ಅದಕ್ಕಿಂತ ಸುರಕ್ಷಿತ ಜಾಗ ಯಾವುದು? 1978ರ ಮೇ 29ರಂದು ಅಲ್ಲಿಯ ಉಗ್ರಾಣಕ್ಕೆ ಬೆಂಕಿ ಬಿತ್ತು. 329 ಚಿತ್ರಗಳ ನೆಗೆಟಿವ್ ಸುಟ್ಟುಹೋದವು, ಅವುಗಳಲ್ಲಿ ಟಾಮ್ ಮತ್ತು ಜೆರ್ರಿಯದೂ ಇದ್ದವು. ಪ್ರತಿ ತೆಗೆಯುವ ಬುದ್ಧಿ ಎಂಜಿಎಂನವರಿಗೆ ಮೊದಲೇ ಬಂದಿರದಿದ್ದರೆ ಬೆಕ್ಕು ಆ ದಿನ ನಿಜವಾಗಿ ಸಾಯುತ್ತಿತ್ತು. ಆದರೆ ಪ್ರತಿ ಪ್ರತಿಯೇ. ಒಂದು ತಲೆಮಾರು ಇಳಿದಾಗ ಗೆರೆ ಸ್ವಲ್ಪ ಮಬ್ಬಾಗುತ್ತದೆ, ನೆರಳಿನೊಳಗಿನ ವಿವರ ಮುಚ್ಚಿಹೋಗುತ್ತದೆ.

ಮೂಲ ನೆಗೆಟಿವ್ ಸಿಕ್ಕಿದ ಕಡೆ ಏನಾಗುತ್ತದೆ ಎಂಬುದನ್ನು ನೋಡಿದರೆ ಈ ನಷ್ಟದ ಅಳತೆ ತಿಳಿಯುತ್ತದೆ. ಟೆಕ್ನಿಕಲರ್ ಕಾಲದ ಕಾರ್ಟೂನಿನ ನೆಗೆಟಿವ್ ಕೈಯಲ್ಲಿ ಹಿಡಿದರೆ ಅದರಲ್ಲಿ ಬಣ್ಣವೇ ಕಾಣದು, ಪೂರ್ತಿ ಕಪ್ಪು ಬಿಳುಪು! ಗುಟ್ಟು ಇಷ್ಟೆ: ಪಾರದರ್ಶಕ ಹಾಳೆಯ ಮೇಲೆ ಬರೆದ ಒಂದು ಚಿತ್ರವನ್ನು ಕ್ಯಾಮೆರಾ ಕೆಳಗಿಟ್ಟು ಮೂರು ಸಲ ತೆಗೆಯುತ್ತಾರೆ, ಒಮ್ಮೆ ಕೆಂಪು ಗಾಜಿನ ಮೂಲಕ, ಒಮ್ಮೆ ಹಸಿರು, ಒಮ್ಮೆ ನೀಲಿ. ಒಂದರ ಪಕ್ಕ ಒಂದರಂತೆ ಮೂರು ಕಪ್ಪುಬಿಳುಪು ಚೌಕಗಳು. ಆಮೇಲೆ ಪ್ರಿಂಟು ಹಾಕುವಾಗ ಮೂರಕ್ಕೂ ತಕ್ಕ ಬಣ್ಣ ಕೊಟ್ಟು ಒಂದರ ಮೇಲೊಂದು ಒತ್ತುತ್ತಾರೆ, ಸೀರೆಗೆ ಅಚ್ಚು ಹಾಕಿದಂತೆ. ಸೆಕೆಂಡಿಗೆ 24 ಚೌಕ, ಏಳು ನಿಮಿಷದ ಚಿತ್ರಕ್ಕೆ 10,080 ಚೌಕ. ಮೂರರಿಂದ ಗುಣಿಸಿ, ಮೂವತ್ತು ಸಾವಿರ ದಾಟುತ್ತದೆ. ಇಷ್ಟು ತಾಪತ್ರಯದ ಫಲ ಅರವತ್ತು ಎಪ್ಪತ್ತು ವರ್ಷದ ನಂತರ ಕೈಗೆ ಬಂತು. 1950ರ ದಶಕದಲ್ಲಿ ಬಂದ ಅಗ್ಗದ ಬಣ್ಣದ ಫಿಲ್ಮಿನ ನೀಲಿ ಹಸಿರೆಲ್ಲ ಹಾರಿಹೋಗಿ ಚಿತ್ರಗಳು ಗುಲಾಬಿಯಾಗಿ ನಿಂತವು. ಬೆಳ್ಳಿಯ ಕಪ್ಪು ಮಾಸಲಿಲ್ಲ. ಇಂದು ಆ ಮೂರು ಚೌಕಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಸೇರಿಸಿದರೆ 1930ರ ದಶಕದ ಕೆಂಪು ಕೆಂಪಾಗಿಯೇ ಬರುತ್ತದೆ. ಜನ ಅಭಿನಯಿಸಿದ ಚಿತ್ರಗಳಿಗೆ ಮೂರು ಬೇರೆ ಬೇರೆ ಸುರುಳಿ ಬೇಕಾಗುತ್ತಿತ್ತು, ಕಾಲ ಕಳೆದಂತೆ ಅವು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಒಂದರ ಮೇಲೊಂದು ಕೂರುವುದಿಲ್ಲ. ಕಾರ್ಟೂನಿನ ಮೂರೂ ಚೌಕ ಒಂದೇ ಪಟ್ಟಿಯಲ್ಲಿರುವುದರಿಂದ ಕುಗ್ಗಿದರೂ ಒಟ್ಟಿಗೇ ಕುಗ್ಗುತ್ತವೆ. ಈ ಒಂದು ವಿಷಯದಲ್ಲಿ ಮಾತ್ರ ದೊಡ್ಡ ದೊಡ್ಡ ನಟನಟಿಯರಿಗಿಂತ ಹಂದಿ ಬಾತುಗಳು ಅದೃಷ್ಟವಂತರು.

ಬೆಂಕಿ, ಕೊಳೆತ ಇವುಗಳನ್ನಾದರೂ ದೈವದ ಮೇಲೆ ಹಾಕಬಹುದು. ಕಾರ್ಟೂನುಗಳಿಗೆ ಆದ ಬಹಳಷ್ಟು ಹಾನಿ ‘ಹೊಸ ಪ್ರೇಕ್ಷಕರಿಗಾಗಿ’ ಎಂಬ ಹೆಸರಿನಲ್ಲೇ ಆದದ್ದು. ವಾರ್ನರ್ ಕಂಪನಿ ತನ್ನ ಯಶಸ್ವಿ ಕಾರ್ಟೂನುಗಳನ್ನು ‘ಬ್ಲೂ ರಿಬ್ಬನ್’ ಎಂಬ ಪಟ್ಟಿ ಹಚ್ಚಿ ಮತ್ತೆ ಬಿಡುಗಡೆ ಮಾಡುತ್ತಿತ್ತು. ಹಾಗೆ ಮಾಡುವಾಗ ಮೂಲ ನೆಗೆಟಿವ್‌ನಿಂದಲೇ ಹಳೆಯ ಶೀರ್ಷಿಕೆಯ ಭಾಗ ಕತ್ತರಿಸಿ ಹೊಸದನ್ನು ಅಂಟಿಸಿದರು. ಅದರೊಂದಿಗೆ ಬರೆದವರ, ಸಂಗೀತ ಕೊಟ್ಟವರ ಹೆಸರೂ ಕಸದ ಬುಟ್ಟಿ ಸೇರಿತು. 1955ರಲ್ಲಿ ಪ್ಯಾರಾಮೌಂಟ್ ತನ್ನ ಕಾರ್ಟೂನುಗಳನ್ನು ಟಿವಿಯವರಿಗೆ ಮಾರಿತು. ಟಿವಿ ಎಂದರೆ ಆಗ ಸಿನಿಮಾದವರಿಗೆ ಕೀಳು. ತನ್ನ ಹೆಸರು ಅಲ್ಲಿ ಕಾಣಕೂಡದು ಎಂಬ ಷರತ್ತು. ಮ್ಯಾಕ್ಸ್ ಫ್ಲೈಶರ್ ಸ್ಟುಡಿಯೋದ ಬೆಟ್ಟಿ ಬೂಪ್ ಚಿತ್ರಗಳ ಆರಂಭದ ಫಲಕಗಳು ಹೀಗೆ ವಿರೂಪಗೊಂಡವು. 1968ರ ಸುಮಾರಿಗೆ ಬಣ್ಣದ ಟಿವಿಗೆ ಬೇಕೆಂದು ವಾರ್ನರ್‌ನ ಕಪ್ಪುಬಿಳುಪು ಕಾರ್ಟೂನುಗಳನ್ನು ದಕ್ಷಿಣ ಕೊರಿಯಾಕ್ಕೆ ಕಳಿಸಿ, ಚೌಕ ಚೌಕವಾಗಿ ನಕಲು ಬರೆಸಿ, ಬಣ್ಣ ತುಂಬಿಸಿದರು. ಖರ್ಚು ಉಳಿಸಲು ನಡುನಡುವಿನ ಚಿತ್ರಗಳನ್ನು ಬಿಟ್ಟರು. ಕುಣಿಯುವ ಹಂದಿ ಕುಂಟತೊಡಗಿತು. ಅಮೆರಿಕದ ಒಂದು ಪೀಳಿಗೆ ಪೋರ್ಕಿ ಪಿಗ್ ಎಂದರೆ ಇದೇ ಎಂದು ತಿಳಿದು ಬೆಳೆಯಿತು.

ಆಮೇಲೆ ಬಂತು ಶುದ್ಧೀಕರಣದ ಯಂತ್ರ. 1990ರ ದಶಕದಲ್ಲಿ ಹಳೆಯ ಚಿತ್ರಗಳನ್ನು ಲೇಸರ್ ಡಿಸ್ಕಿಗೂ ಟೇಪಿಗೂ ಹಾಕುವಾಗ ಧೂಳು ಕಲೆ ತೆಗೆಯುವ ಸ್ವಯಂಚಾಲಿತ ಉಪಕರಣ ಬಳಸುವುದು ರೂಢಿಯಾಯಿತು. ಅದರ ತರ್ಕ ಸರಳ. ಒಂದು ಚುಕ್ಕಿ ಈ ಚೌಕದಲ್ಲಿದ್ದು ಹಿಂದಿನದರಲ್ಲೂ ಮುಂದಿನದರಲ್ಲೂ ಇಲ್ಲದಿದ್ದರೆ ಅದು ಧೂಳು, ಅಳಿಸು. ಮನುಷ್ಯರು ನಿಧಾನಕ್ಕೆ ಓಡಾಡುವ ಚಿತ್ರಕ್ಕೆ ಇದು ಸರಿ. ಕಾರ್ಟೂನಿನಲ್ಲಿ ಓಡುವ ಇಲಿಯ ಬಾಲದ ಗೆರೆ ಈ ಕ್ಷಣ ಇಲ್ಲಿ, ಮುಂದಿನ ಕ್ಷಣ ಅಲ್ಲಿ. ಯಂತ್ರ ಅದನ್ನೂ ಧೂಳೆಂದು ಗುಡಿಸಿತು. ಚಿತ್ರ ನಿಲ್ಲಿಸಿ ನೋಡಿದರೆ ಡ್ಯಾಫಿ ಬಾತಿನ ಕೊಕ್ಕಿನ ಅಂಚು ಮಾಯ, ಕೈಬೆರಳು ಅರ್ಧ. ಯಾರದೋ ಕೈ ಒಂದೊಂದಾಗಿ ಎಳೆದ ಗೆರೆಯನ್ನು ಸ್ವಚ್ಛತೆಯ ಹೆಸರಿನಲ್ಲಿ ಒರೆಸಿ ಹಾಕಿ, ಡಬ್ಬಿಯ ಮೇಲೆ ‘ಹೊಸದಾಗಿ ಪುನರುಜ್ಜೀವನಗೊಳಿಸಿದ ಪ್ರತಿ’ ಎಂದು ಅಚ್ಚು ಹಾಕಿದರು. ಪುರಾತನ ಗುಡಿಗೆ ಆಯಿಲ್ ಪೇಂಟ್ ಬಳಿಯುವ ಭಕ್ತಿ ಇದು.

ಹಾಗಾದರೆ ಎಷ್ಟು ಗುಡಿಸಬೇಕು? ಈ ಕಸುಬಿನವರು ಇಂದಿಗೂ ಜಗಳಾಡುವ ಪ್ರಶ್ನೆ. ಫಿಲ್ಮಿನ ಮೇಲೆ ಆಮೇಲೆ ಬಿದ್ದ ಗೀರು, ಕೊಳೆ ತೆಗೆಯಬೇಕೆಂಬುದಕ್ಕೆ ತಕರಾರಿಲ್ಲ. ಆದರೆ ಹಳೆಯ ಕಾರ್ಟೂನಿನಲ್ಲಿ ಇನ್ನೊಂದು ಬಗೆಯ ಧೂಳಿದೆ. ಚಿತ್ರದ ಹಾಳೆಯನ್ನು ಗಾಜಿನ ಕೆಳಗಿಟ್ಟು ಫೋಟೋ ತೆಗೆಯುವಾಗಲೇ ಅದರ ಮೇಲೆ ಕೂತಿದ್ದ ಧೂಳು, ಕೂದಲೆಳೆ, ಬೆರಳಚ್ಚು. ಅದು ಮೂಲ ನೆಗೆಟಿವ್‌ನಲ್ಲೇ ಇದೆ. ವಾರದ ಗಡುವಿಗೆ ದುಡಿದ ಚಿತ್ರಕಾರರಿಗೂ ಅದು ಬೇಕಿರಲಿಲ್ಲ, ತೆಗೆದರೇನು ಎನ್ನುವುದು ಒಂದು ಪಕ್ಷ. ಕ್ಯಾಮೆರಾ ಕಂಡದ್ದನ್ನು ಬದಲಿಸುವ ಅಧಿಕಾರ ನಿಮಗೆ ಕೊಟ್ಟವರು ಯಾರು ಎನ್ನುವುದು ಇನ್ನೊಂದು. ಎರಡನೆಯ ಪಕ್ಷದ ಮಾತಿನಲ್ಲಿ ತೂಕವಿದೆ. ಒಮ್ಮೆ ಬೆರಳಚ್ಚು ತೆಗೆಯಲು ಕೂತವರು ಮುಂದೆ ನಡುಗುವ ಗೆರೆಯನ್ನು ನೇರ ಮಾಡದೆ ಬಿಡುವುದಿಲ್ಲ.

ಧೂಳಿಗಿಂತ ಕಷ್ಟದ ಕಲೆಯೂ ಒಂದಿದೆ. ಈ ಚಿತ್ರಗಳನ್ನು ಮಾಡಿದ ಅಮೆರಿಕ ಕರಿಯರನ್ನು ನಡೆಸಿಕೊಂಡ ರೀತಿ ಅವುಗಳೊಳಗೇ ಬರೆದುಕೊಂಡಿದೆ. ದಪ್ಪ ತುಟಿ, ಗೋಲಿ ಕಣ್ಣು, ಸೋಮಾರಿತನ. ನಗಿಸಲು ಇವೇ ಸರಕು. ಟಾಮ್‌ನನ್ನು ಪೊರಕೆ ಹಿಡಿದು ಅಟ್ಟುವ, ಕಾಲು ಮಾತ್ರ ಕಾಣುವ ಕಪ್ಪು ಹೆಂಗಸನ್ನು ನೆನಪಿಸಿಕೊಳ್ಳಿ. ಭಾರತದ ಮಕ್ಕಳಿಗೆ ಅವಳು ಸುಮ್ಮನೆ ಒಬ್ಬ ಗದರುವ ದೊಡ್ಡಮ್ಮ. ಅಮೆರಿಕದ ಕರಿಯ ಕುಟುಂಬಗಳಿಗೆ ಆ ದನಿ, ಆ ಚಪ್ಪಲಿ ಚುಚ್ಚುತ್ತಿತ್ತು. ಅವಳಿಗೆ ಮೊದಲು ದನಿ ಕೊಟ್ಟವರು ಲಿಲಿಯನ್ ರಾಂಡಾಲ್ಫ್ ಎಂಬ ಕರಿಯ ನಟಿ. 1960ರ ದಶಕದಲ್ಲಿ ಟಿವಿಗಾಗಿ ಅವಳ ಕಾಲುಗಳನ್ನು ಬಿಳಿಯಾಗಿ ಮತ್ತೆ ಬರೆದು ಐರಿಷ್ ದನಿ ಹಾಕಿದರು. 1990ರ ದಶಕದಲ್ಲಿ ಚಿತ್ರ ಹಾಗೇ ಬಿಟ್ಟು ದನಿ ಬದಲಿಸಿದರು. ವಾರ್ನರ್ ಚಿತ್ರಗಳಲ್ಲಿ ಹನ್ನೊಂದನ್ನು 1968ರಲ್ಲೇ ಟಿವಿ ಪ್ರಸಾರದಿಂದ ಹಿಂತೆಗೆದು ಒಳಗಿಟ್ಟರು.

ಕತ್ತರಿ ಹಿಡಿಯುವುದು, ಬೀಗ ಹಾಕುವುದು ಎರಡೂ ಒಂದು ರೀತಿಯಲ್ಲಿ ಸುಲಭದ ದಾರಿ. 2005ರಲ್ಲಿ ವಾರ್ನರ್ ಹೊರತಂದ ಡಿವಿಡಿ ಸಂಗ್ರಹವೊಂದರಲ್ಲಿ ಕರಿಯ ನಟಿ ವೂಪಿ ಗೋಲ್ಡ್‌ಬರ್ಗ್ ಮೊದಲೇ ಪರದೆಗೆ ಬಂದು, ಈ ಹಾಸ್ಯಗಳು ಆಗಲೂ ತಪ್ಪು ಈಗಲೂ ತಪ್ಪು, ಆದರೆ ಇಲ್ಲವೇ ಇಲ್ಲವೆಂಬಂತೆ ನಟಿಸಿದರೆ ನಡೆದದ್ದು ನಡೆದೇ ಇಲ್ಲ ಎಂದಂತೆ ಎಂಬ ಅರ್ಥದ ಮಾತು ಹೇಳಿದರು. ದೊಡ್ಡವರಿಗಾಗಿ ಬರುವ ಸಂಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕಿಲ್ಲ. ಆರು ವರ್ಷದ ಮಗುವಿನ ಮುಂದೆ ಹಾಕುವಾಗ ಬೇರೆ ವಿವೇಕ ಬೇಕು. ಮಗು ಪೀಠಿಕೆ ಓದುವುದಿಲ್ಲ, ಚಿತ್ರ ನೋಡುತ್ತದೆ.

ಹಳೆಯ ಚಿತ್ರಕ್ಕೆ ಹೊಸ ಮಕ್ಕಳು ಬರುತ್ತಾರೆಯೇ ಎಂಬ ಅನುಮಾನ ಕಂಪನಿಗಳಿಗೆ ಯಾವಾಗಲೂ ಇದೆ. ಅನುಮಾನ ಇಲ್ಲದವರು ಸಣ್ಣವರು. ಮಿಷಿಗನ್ ರಾಜ್ಯದ ಸ್ಟೀವ್ ಸ್ಟಾಂಚ್‌ಫೀಲ್ಡ್ ಎಂಬ ಆನಿಮೇಷನ್ ಅಧ್ಯಾಪಕರು ಥಂಡರ್‌ಬೀನ್ ಎಂಬ ಪುಟ್ಟ ಸಂಸ್ಥೆ ಕಟ್ಟಿ, ಖಾಸಗಿ ಸಂಗ್ರಾಹಕರ ಮನೆಗಳಲ್ಲಿರುವ ಸುರುಳಿಗಳನ್ನು ಎರವಲು ತಂದು, ಐವರ್ಕ್ಸ್ ಮಾಡಿದ ‘ಫ್ಲಿಪ್ ದಿ ಫ್ರಾಗ್’ನಂಥ ಮರೆತ ಮಾಲೆಗಳನ್ನು ತಿದ್ದಿ ತೀಡಿ ಡಿಸ್ಕಿಗೆ ತಂದಿದ್ದಾರೆ. ಕೊಳ್ಳುವವರು ಎಷ್ಟೋ ಸಲ ವರ್ಷಗಟ್ಟಲೆ ಮೊದಲೇ ಹಣ ಕಟ್ಟಿ ಕಾಯುತ್ತಾರೆ. ಮ್ಯಾಕ್ಸ್ ಫ್ಲೈಶರ್ ಅವರ ಮೊಮ್ಮಗಳು ಜೇನ್ ಫ್ಲೈಶರ್ ರೀಡ್ ತಾತನ ಚಿತ್ರಗಳನ್ನು ಹುಡುಕಿಸಿ ಪುನರುಜ್ಜೀವನಗೊಳಿಸುವ ಕೆಲಸಕ್ಕೆ ಕೈಹಾಕಿದ್ದಾರೆ. 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಹಳೆಯ ಕಾರ್ಟೂನುಗಳಿಗೆಂದೇ ‘ಮಿಟಿವಿ ಟೂನ್ಸ್’ ಎಂಬ ವಾಹಿನಿ ಶುರುವಾಯಿತು.

ಕಾನೂನೂ ಸ್ವಲ್ಪ ಸ್ವಲ್ಪವಾಗಿ ಬಾಗಿಲು ತೆರೆಯುತ್ತಿದೆ. ಅಮೆರಿಕದಲ್ಲಿ ಆ ಕಾಲದ ಚಿತ್ರಗಳ ಹಕ್ಕುಸ್ವಾಮ್ಯ 95 ವರ್ಷ. 1927ರ ಆಸ್ವಾಲ್ಡ್ ಚಿತ್ರಗಳು 2023ರ ಜನವರಿ 1ಕ್ಕೆ, ಮಿಕ್ಕಿಯ ‘ಸ್ಟೀಮ್‌ಬೋಟ್ ವಿಲ್ಲಿ’ 2024ರ ಜನವರಿ 1ಕ್ಕೆ ಸಾರ್ವಜನಿಕರ ಸೊತ್ತಾದವು. ಯಾರು ಬೇಕಾದರೂ ಪ್ರತಿ ಮಾಡಬಹುದು, ತೋರಿಸಬಹುದು. ಮಿಕ್ಕಿ ಬಿಡುಗಡೆಯಾದ ದಿನವೇ ಅವನ ಮುಖವಾಡ ತೊಟ್ಟ ಕೊಲೆಗಾರನ ಚಿತ್ರವೊಂದರ ಜಾಹೀರಾತು ಹೊರಬಿತ್ತು. ಸ್ವಾತಂತ್ರ್ಯ ಬಂದ ಮೊದಲ ದಿನ ಹೀಗೇ ಏನೋ.

ಇದರ ಮಧ್ಯೆ ದೊಡ್ಡ ಅಂಗಡಿಯ ಬಾಗಿಲು ಯಾವಾಗ ಮುಚ್ಚುವುದೋ ಹೇಳಲು ಬಾರದು. ಕಷ್ಟಪಟ್ಟು ಶುಚಿಗೊಳಿಸಿದ ಬಗ್ಸ್ ಬನ್ನಿಯ ಹಳೆಯ ಚಿತ್ರಗಳು ವಾರ್ನರ್‌ನದೇ ಆದ ಮ್ಯಾಕ್ಸ್ ಎಂಬ ಅಂತರ್ಜಾಲ ಸೇವೆಯಲ್ಲಿದ್ದವು. 2025ರ ಮಾರ್ಚಿನಲ್ಲಿ ಒಂದು ದಿನ ಅವೆಲ್ಲ ಅಲ್ಲಿಂದ ಮಾಯವಾದವು. ಕೆಲವು ತಿಂಗಳ ಬಳಿಕ ಟೂಬಿ ಎಂಬ ಬೇರೆಯವರ ಉಚಿತ ಸೇವೆಯಲ್ಲಿ ಕಾಣಿಸಿಕೊಂಡವು. ನಡುವಿನ ಆ ತಿಂಗಳುಗಳಲ್ಲಿ ನೋಡಬೇಕೆಂದವರಿಗೆ ಒದಗಿದ್ದು ಮನೆಯ ಕಪಾಟಿನ ಡಿಸ್ಕುಗಳು. ಅದನ್ನು ಯಾರೂ ರಾತ್ರೋರಾತ್ರಿ ತೆಗೆಯಲಾರರು.

ಮೊಲದ ಹುಡುಕಾಟ ಇನ್ನೂ ಮುಗಿದಿಲ್ಲ. ಡಿಸ್ನಿ ಕಂಪನಿ ತನ್ನ ನೂರನೆಯ ವರ್ಷದ ಹೊಸ್ತಿಲಲ್ಲಿ, 2022ರ ಡಿಸೆಂಬರಿನಲ್ಲಿ, ಆಸ್ವಾಲ್ಡ್‌ನ ಒಂದು ಹೊಸ ಪುಟ್ಟ ಚಿತ್ರವನ್ನು ಕೈಯಿಂದಲೇ ಬರೆಸಿ ಬಿಡುಗಡೆ ಮಾಡಿತು. ಹಳೆಯ 26ರಲ್ಲಿ ಕೆಲವು ಇನ್ನೂ ಪತ್ತೆಯಿಲ್ಲ. ಇದ್ದರೆ ಅವು ಯಾವ ದೇಶದಲ್ಲಿ, ಯಾವ ಭಾಷೆಯ ಚೀಟಿ ಅಂಟಿಸಿಕೊಂಡು, ಎಷ್ಟು ತುಂಡಾಗಿ ಕೂತಿವೆಯೋ. ಒಸಾಕಾದ ಸುರುಳಿ ಸಿಕ್ಕ ಮೇಲೆ ಹುಡುಕುವವರಿಗೆ ಕೆಲಸ ಹೆಚ್ಚಿದೆ: ಆಸ್ವಾಲ್ಡ್ ಎಂದು ಬರೆದ ಡಬ್ಬಿ ಹುಡುಕಿದರೆ ಸಾಲದು, ಮಿಕ್ಕಿ ಎಂದು ಬರೆದದ್ದನ್ನೂ ಬಿಚ್ಚಿ ಕಿವಿ ಅಳೆದು ನೋಡಬೇಕು.